ಅರ್ಬುದದ ವೇಷದ ಒಂದು ವಿರಳ ಗೆಡ್ಡೆ

ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರನ್ನು ಕೇಳದ ಮುಂಬಯಿ ಕನ್ನಡಿಗರು ವಿರಳ. 1941ರ ಫೆಬ್ರವರಿ 28ರಂದು ಆರಂಭವಾದ ಈ ಸಂಸ್ಥೆಗೆ ಊರಿನ ಬಂಧುಗಳನ್ನು ಕರೆತಂದು, ವರದಿಗಾಗಿ ಕಾದು ಕುಳಿತವರು ಅನೇಕರು. ಗೆಡ್ಡೆ ಎಂದೊಡನೆ ಅರ್ಬುದವೆಂದು ಎದೆಗುಂದುವುದು ಸಹಜ. ಆದರೆ ಗೆಡ್ಡೆಗಳೆಲ್ಲ ಅರ್ಬುದವಲ್ಲ. ಅರ್ಬುದದ ವೇಷ ತೊಟ್ಟು ಬರುವ ನಿರಪಾಯ ಗೆಡ್ಡೆಗಳೂ ಉಂಟು. ಅವುಗಳಲ್ಲೊಂದು ಹಿಮ್ಯಾಂಜಿಯೊಬ್ಲಾಸ್ಟೋಮ.

ಗೆಡ್ಡೆಯ ಸ್ವರೂಪ

ಸೂಕ್ಷ್ಮ ರಕ್ತನಾಳಗಳು ದಟ್ಟವಾಗಿ ಹೆಣೆದುಕೊಂಡ ಗೆಡ್ಡೆಯಿದು. ಕಿರುಮೆದುಳು, ಬೆನ್ನುಹುರಿ ಮತ್ತು ಕಣ್ಣಿನ ಅಕ್ಷಿಪಟಲ ಇದರ ವಾಡಿಕೆಯ ನೆಲೆಗಳು. ಅತ್ಯಂತ ವಿರಳವಾಗಿ ಮೂತ್ರಪಿಂಡ, ಹೊರನರಗಳು ಹಾಗೂ ಮೃದು ಅಂಗಾಂಶಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಜರ್ಮನಿಯ ನೇತ್ರವೈದ್ಯ ಫಾನ್ ಹಿಪ್ಪೆಲ್ ಕಣ್ಣಿನ ಗೆಡ್ಡೆಗಳನ್ನು ವರ್ಣಿಸಿದನು. ಕಣ್ಣಿನ ಗೆಡ್ಡೆಗೂ ಕಿರುಮೆದುಳಿನ ಗೆಡ್ಡೆಗೂ ಇರುವ ನಂಟನ್ನು 1926ರಲ್ಲಿ ಸ್ವೀಡನ್ನಿನ ಲಿಂಡಾವ್ ತೋರಿಸಿದನು. ಇವರಿಬ್ಬರ ಹೆಸರಿನ ಆನುವಂಶಿಕ ರೋಗಕ್ಕೆ ಕಾರಣವಾದ, ಮೂರನೆಯ ವರ್ಣತಂತುವಿನಲ್ಲಿರುವ ಜೀನು 1993ರಲ್ಲಿ ಪತ್ತೆಯಾಯಿತು. ಮೂತ್ರಪಿಂಡದಲ್ಲಿ ಕಂಡುಬಂದ ಹಿಮ್ಯಾಂಜಿಯೊಬ್ಲಾಸ್ಟೋಮಗಳಲ್ಲಿ ಹೆಚ್ಚಿನವು ಈ ನಂಟಿಲ್ಲದವು.

ನಿರ್ಣಯದ ತೊಡಕು

ಗೃಹಸ್ಥನೊಬ್ಬನ ಮೂತ್ರಪಿಂಡದಲ್ಲಿ ಗೆಡ್ಡೆ ಕಂಡಿತೆಂದು ಭಾವಿಸೋಣ. ಸಿ.ಟಿ. ಸ್ಕ್ಯಾನಿನಲ್ಲಿ ಅದು ರಕ್ತ ತುಂಬಿ ಪ್ರಜ್ವಲಿಸುತ್ತದೆ. ಮೂತ್ರಪಿಂಡದ ಅರ್ಬುದವೂ ಹಾಗೆಯೇ ತೋರುತ್ತದೆ. ಸೂಜಿಯಿಂದ ಹೀರಿದರೆ ಬಹುಪಾಲು ರಕ್ತವೇ ಬರಬಹುದು. ಸೂಕ್ಷ್ಮದರ್ಶಕದಲ್ಲಿ ಕೊಬ್ಬು ತುಂಬಿದ ತಿಳಿ ಜೀವಕೋಶಗಳು ಕಾಣುತ್ತವೆ; ಮೂತ್ರಪಿಂಡದ ಅರ್ಬುದದಲ್ಲಿಯೂ ತಿಳಿ ಜೀವಕೋಶಗಳೇ ಸಾಮಾನ್ಯ. ಮೋಸಹೋಗಲು ಇಷ್ಟು ಸಾಕು.

ಆದ್ದರಿಂದ ರೋಗಶಾಸ್ತ್ರಜ್ಞರು ಪ್ರತಿಕಾಯಗಳನ್ನು ಬಳಸುವ ವಿಶೇಷ ಬಣ್ಣಗಾರಿಕೆಯ ಮೊರೆಹೋಗುತ್ತಾರೆ. ಈ ಗೆಡ್ಡೆಯ ಜೀವಕೋಶಗಳು ಸಾಮಾನ್ಯವಾಗಿ ಇನ್ಹಿಬಿನ್ ಮತ್ತು ಎಸ್-100 ಪರೀಕ್ಷೆಗಳಿಗೆ ಸ್ಪಂದಿಸುತ್ತವೆ. ಅರ್ಬುದದಲ್ಲಿ ಕಾಣುವ ಕೆರಾಟಿನ್ ಇವುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಆದರೆ ಮೂತ್ರಪಿಂಡದ ಮೂಲವನ್ನು ಸೂಚಿಸುವ ಪ್ಯಾಕ್ಸ್-8 ಎಂಬ ಗುರುತು ಇಲ್ಲಿಯ ಹಿಮ್ಯಾಂಜಿಯೊಬ್ಲಾಸ್ಟೋಮದಲ್ಲಿಯೂ ಕಾಣಬಹುದು. ಒಂದೇ ಕಲಮನ್ನು ನೋಡಿ ಲೆಕ್ಕಪತ್ರಕ್ಕೆ ಸಹಿ ಹಾಕಲಾಗದು. ಎಲ್ಲ ಬಾಬುಗಳೂ ತಾಳೆಯಾಗಬೇಕು. ಸಾಲದುದಕ್ಕೆ, ಆನುವಂಶಿಕ ರೋಗವುಳ್ಳವರಲ್ಲಿ ನಿರಪಾಯ ಗೆಡ್ಡೆಯೂ ನಿಜವಾದ ಮೂತ್ರಪಿಂಡದ ಅರ್ಬುದವೂ ಒಟ್ಟಿಗೇ ಇರಬಹುದು.

ಹೆಸರು ತಪ್ಪಿದರೆ ನಷ್ಟ ಎರಡು ಬಗೆ. ನಿರಪಾಯ ಗೆಡ್ಡೆಯನ್ನು ಅರ್ಬುದವೆಂದರೆ ರೋಗಿ ಅನಗತ್ಯ ಔಷಧವನ್ನೂ ವರ್ಷಗಟ್ಟಲೆಯ ಭಯವನ್ನೂ ಹೊರಬೇಕು. ಅರ್ಬುದವನ್ನು ನಿರಪಾಯವೆಂದರೆ ಪ್ರಾಣವೇ ಹೋದೀತು.

ಕುಟುಂಬದವರ ಕರ್ತವ್ಯ

ಇಲ್ಲಿ ಮನೆಯವರೂ ನೆರವಾಗಬಲ್ಲರು. ಊರಿನಲ್ಲಿ ತಂದೆ ತಲೆಯ ಗೆಡ್ಡೆಯಿಂದ ತೀರಿಕೊಂಡಿದ್ದರೆ, ಅಣ್ಣ ಎಳೆಯ ವಯಸ್ಸಿನಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದರೆ, ಡೊಂಬಿವಲಿಯಲ್ಲಿರುವ ಮಗ ಅದನ್ನು ವೈದ್ಯರಿಗೆ ತಪ್ಪದೆ ಹೇಳಬೇಕು. ಮದುವೆಯ ಮಾತುಕತೆಗೆ ಅಡ್ಡಿಯಾದೀತೆಂದು ಮುಚ್ಚಿಡುವುದು ಮಕ್ಕಳಿಗೇ ದ್ರೋಹ. ತಂದೆ ಅಥವಾ ತಾಯಿಗೆ ಈ ಆನುವಂಶಿಕ ರೋಗವಿದ್ದರೆ, ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಶೇಕಡಾ 50. ಮುಂಚಿತವಾಗಿ ಕಣ್ಣು, ಮೆದುಳು, ಮೂತ್ರಪಿಂಡಗಳ ತಪಾಸಣೆ ನಡೆದರೆ ದೃಷ್ಟಿಯನ್ನೂ ಜೀವವನ್ನೂ ಉಳಿಸಬಹುದು.

ಈ ರೋಗದ ಶಂಕೆಯಿದ್ದಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಅಡ್ರಿನಲ್ ಗ್ರಂಥಿಯ ಗೆಡ್ಡೆಯನ್ನು ಪತ್ತೆಹಚ್ಚುವ ರಕ್ತ ಅಥವಾ ಮೂತ್ರ ಪರೀಕ್ಷೆ ಅವಶ್ಯ. ಅದು ಅಡಗಿದ್ದರೆ ಅರಿವಳಿಕೆಯ ವೇಳೆಯಲ್ಲಿ ರಕ್ತದೊತ್ತಡ ಹಠಾತ್ತನೆ ಏರೀತು.

ಕೊನೆಯದಾಗಿ, ಕಾಗದದ ವರದಿಯೊಂದೇ ಆಸ್ತಿಯಲ್ಲ. ಗಾಜಿನ ಸ್ಲೈಡುಗಳನ್ನೂ ಮೇಣದ ಬ್ಲಾಕುಗಳನ್ನೂ ಕೇಳಿ ಪಡೆದು ಜೋಪಾನ ಮಾಡಬೇಕು. ಚಾಳಿನಿಂದ ಉಪನಗರಕ್ಕೆ ಮನೆ ಬದಲಾಯಿಸುವಾಗ ಒಡವೆಯ ಪೆಟ್ಟಿಗೆಯೊಡನೆ ಇವೂ ಸಾಗಲಿ. ಸಂದೇಹ ಬಂದಾಗ ಇನ್ನೊಬ್ಬ ತಜ್ಞರು ಮರುಪರಿಶೀಲಿಸಲು ಬೇಕಾಗುವುದು ಇವೇ. ಎರಡನೆಯ ಅಭಿಪ್ರಾಯ ಕೇಳುವುದು ಮೊದಲ ವೈದ್ಯರಿಗೆ ಮಾಡಿದ ಅಪಮಾನವಲ್ಲ. ರೋಗಕ್ಕೆ ಸರಿಯಾದ ಹೆಸರು ದೊರೆತ ಮೇಲೆಯೇ ಸರಿಯಾದ ಚಿಕಿತ್ಸೆಯ ಆರಂಭ.