ಲೇಸರ್ ಪೆನ್ನು ಸಡಿಲವಾದರೆ ಅಂಟು ಹಚ್ಚಬೇಡಿ

ಬನದ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲೋ ಅಕ್ಟೋಬರಿನ ಕಿತ್ತೂರು ಉತ್ಸವದಲ್ಲೋ ಕೊಂಡ ಲೇಸರ್ ಪೆನ್ನು ಲೊಟಲೊಟ ಅಲ್ಲಾಡತೊಡಗಿದರೆ ಎಸೆಯಬೇಡಿ. ಬೈಲಹೊಂಗಲ, ರಾಮದುರ್ಗದ ಕಡೆ ಪರದೆಯ ಮೇಲೆ ಪಾಠ ತೋರಿಸುವ ಮಾಸ್ತರರಿಗೂ ಇದೇ ಮಾತು.

ಮೊದಲು ಸೆಲ್ ತೆಗೆಯಿರಿ. ಮುಚ್ಚಳದ ತಿರುಪಿನ ಗೆರೆಗಳಲ್ಲಿ ನಮ್ಮ ಎರೆಮಣ್ಣಿನ ಧೂಳು ಕೂತಿರುತ್ತದೆ. ಒಣ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಆಮೇಲೆ ನಲ್ಲಿ ರಿಪೇರಿಯ ಬಿಳಿ ಟೆಫ್ಲಾನ್ ಟೇಪನ್ನು ಒಂದೇ ಸುತ್ತು ಸುತ್ತಿ, ಅದೂ ಅರ್ಧ ಗೆರೆಗಳಿಗೆ ಮಾತ್ರ. ಇಂಥ ಬಹಳಷ್ಟು ಪೆನ್ನುಗಳಲ್ಲಿ ವಿದ್ಯುತ್ ಹರಿಯುವುದು ಲೋಹದ ಕವಚದ ಮೂಲಕವೇ. ಟೆಫ್ಲಾನ್ ಅದನ್ನು ತಡೆಯುತ್ತದೆ, ಪೂರ್ತಿ ಸುತ್ತಿದರೆ ಪೆನ್ನು ಹೊತ್ತುವುದೇ ಇಲ್ಲ. ಬೆಳಕು ಮಿಣುಕಿದರೆ ಒಳಗಿನ ಸ್ಪ್ರಿಂಗನ್ನು ಚೂರು ಹಿಗ್ಗಿಸಿ.

ಫೆವಿಕ್ವಿಕ್ ಮಾತ್ರ ಬೇಡವೇ ಬೇಡ. ಅದರ ಆವಿ ಲೆನ್ಸಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ, ಸೆಲ್ ಬದಲಿಸಲೂ ಮುಚ್ಚಳ ಬಿಚ್ಚದು.

ತೆಗೆದ ಗುಂಡಿ ಸೆಲ್‌ಗಳನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಕೆಲವೇ ತಾಸಿನಲ್ಲಿ ಅನ್ನನಾಳ ಸುಡಬಹುದು. ಕೂಡಲೇ ದವಾಖಾನೆಗೆ ಓಡಿ. ರಿಪೇರಿ ಮುಗಿದ ಮೇಲೆ ಪರೀಕ್ಷೆಗೆ ಸುಣ್ಣದ ಗೋಡೆ ಸಾಕು. ಕನ್ನಡಿ, ಸ್ಟೀಲ್ ಪಾತ್ರೆಯತ್ತ ಹಿಡಿಯಬೇಡಿ, ಕಿರಣ ತಿರುಗಿ ಕಣ್ಣಿಗೇ ಬಂದೀತು.