ಸುರಂಗದ ನೀರಿನ ಮೂಲ

ನೆಲದೊಳಗೆ ತೋಡಿದ ಪೊಳ್ಳಿಗೆ ಸುತ್ತಲಿನ ನೀರು ಬಂದು ಸೇರುವುದು ಸಹಜ. ಕಲ್ಲಿದ್ದಲ ಗಣಿಯಲ್ಲಿ ಇದು ಅಪಾಯ. 1975ನೆಯ ಡಿಸೆಂಬರ್ 27ರಂದು ಧನಬಾದಿನ ಬಳಿಯ ಚಾಸನಾಲಾ ಗಣಿಗೆ, ಮೇಲಿದ್ದ ಹಳೆಯ ಗಣಿಯಲ್ಲಿ ನಿಂತಿದ್ದ ನೀರು ನುಗ್ಗಿ 375 ಮಂದಿ ಮಡಿದರು. ಆದರೆ ನೀರು ಯಾವಾಗಲೂ ಹೀಗೆ ಗರ್ಜಿಸಿ ಬರುವುದಿಲ್ಲ. ಇದ್ದಿಲನ್ನು ತೆಗೆದ ಬಳಿಕ ಮೇಲಿನ ಬಂಡೆ ಕುಸಿದು ಬಿರುಕು ಬಿಡುತ್ತದೆ. ಹೊಲಕ್ಕೆ ಹಾಯಿಸಿದ ನೀರು ಆ ಬಿರುಕುಗಳಲ್ಲಿ ಸದ್ದಿಲ್ಲದೆ ಇಳಿಯುತ್ತದೆ. ಒಳಗೆ ತೊಟ್ಟಿಕ್ಕುವುದು ಕಾಲುವೆಯ ನೀರೋ, ಮಳೆಯ ನೀರೋ, ಬಂಡೆಯಲ್ಲೇ ಇದ್ದ ಹಳೆಯ ನೀರೋ ಎಂಬುದನ್ನು ಅರಿಯುವುದು ಹೇಗೆ?

ನಮ್ಮ ಸೀಮೆಯಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಆದರೂ ಈ ಪ್ರಶ್ನೆಯನ್ನು ಪರೀಕ್ಷಿಸಲು ಕಾಸರಗೋಡಿನ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಪಡ್ರೆ, ಬಾಯಾರು ಮೊದಲಾದ ಊರುಗಳ ಗುಡ್ಡಗಳಲ್ಲಿ ಸುರಂಗಗಳುಂಟು. ಮುರಕಲ್ಲನ್ನು ಅಡ್ಡಲಾಗಿ ಕೊರೆದ ಈ ದಾರಿಯಲ್ಲಿ ಒಬ್ಬನು ಮಾತ್ರ ನಡೆಯಬಹುದು. ಒಳಗೆ ಹೋದಂತೆ ನೆಲ ತುಸು ಏರಿರುವುದರಿಂದ ಗೋಡೆಯಲ್ಲಿ ಒಸರಿದ ನೀರು ಪಂಪಿನ ಹಂಗಿಲ್ಲದೆ ಹೊರಗೆ ಹರಿದು ತೊಟ್ಟಿಯನ್ನು ಸೇರುತ್ತದೆ. ಗಣಿಯವನು ಓಡಿಸಲು ಹವಣಿಸುವ ನೀರನ್ನು ಇಲ್ಲಿ ಕೃಷಿಕನು ಬೇಡಿ ತರಿಸಿಕೊಳ್ಳುತ್ತಾನೆ! ಗಡಿಯಾಚೆ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ತೋಡಿ, ಹಲವು ಸಲ ಸೋತು, ಕೊನೆಗೆ ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ಘೋಷಿತವಾಯಿತು.

ಮುರಕಲ್ಲು ತೂತುತೂತಾದ ಕಲ್ಲು. ಅದರ ಕೆಳಗಿನ ಜೇಡಿಮಣ್ಣು ನೀರನ್ನು ಸುಲಭವಾಗಿ ಬಿಡದು. ಆದುದರಿಂದ ಮೇಲಿನಿಂದ ಇಂಗಿದ ನೀರು ಅಲ್ಲಿ ತಡೆದು ಪಕ್ಕಕ್ಕೆ ಸರಿಯುತ್ತದೆ.

ಇನ್ನು ಪರೀಕ್ಷೆಯ ಕ್ರಮ. ಹತ್ತು ಲೀಟರಿನ ಕೊಡವೊಂದು, ಗಡಿಯಾರವೊಂದು ಸಾಕು. ಕೊಡ ತುಂಬಲು 50 ಸೆಕೆಂಡು ಹಿಡಿಯಿತೆಂದಿಟ್ಟುಕೊಳ್ಳೋಣ. ಆಗ ಗಂಟೆಗೆ 720 ಲೀಟರು, ದಿನಕ್ಕೆ 17,280 ಲೀಟರು. ಇದನ್ನು ದಿನವೂ ಬರೆದಿಟ್ಟು, ಪಕ್ಕದಲ್ಲಿ ಮಳೆಯ ಲೆಕ್ಕವನ್ನೂ ಗುಡ್ಡದ ಮೇಲಿನ ತೋಟಕ್ಕೆ ನೀರು ಬಿಟ್ಟ ದಿನಗಳನ್ನೂ ಗುರುತಿಸಬೇಕು. ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ಹರಿವು ಹೆಚ್ಚಿದರೆ ನೀರು ಬಿರುಕುಗಳಿಂದ ಬಂತೆಂದು ಊಹಿಸಬಹುದು. ವಾರಗಳು ಕಳೆದು ಹೆಚ್ಚಿದರೆ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ನಿಧಾನವಾಗಿ ಇಳಿದುದೆನ್ನಬಹುದು. ಮಳೆಯಿಲ್ಲದ ಏಪ್ರಿಲಿನಲ್ಲಿ ತೋಟದ ತುಂತುರು ನೀರಾವರಿಯನ್ನು ಕೆಲವು ದಿನ ನಿಲ್ಲಿಸಿದಾಗ ಹರಿವು ಎಂದಿನದಕ್ಕಿಂತ ಬೇಗನೆ ಕುಗ್ಗಿ, ಮತ್ತೆ ಬಿಟ್ಟಾಗ ಚೇತರಿಸಿದರೆ, ತೋಟದ ನೀರೂ ಅದರಲ್ಲಿ ಸೇರಿದೆಯೆಂಬುದಕ್ಕೆ ಅದು ಸಾಕ್ಷಿ. ಒಂದು ಸಲ ಕಂಡುದನ್ನೇ ನಂಬಬಾರದು. ಗಣಿಯ ಎಂಜಿನಿಯರರೂ ಪಂಪಿನ ಲೆಕ್ಕವನ್ನು ಕಾಲುವೆಯ ಲೆಕ್ಕದೊಡನೆ ಹೀಗೆಯೇ ತಾಳೆನೋಡುವರು. ನೀರಿನಲ್ಲಿ ಕರಗಿದ ಲವಣಗಳನ್ನೂ ಅಳೆಯುವರು. ಹೊಲದ ನೀರಿನಲ್ಲಿ ಗೊಬ್ಬರದ ನೈಟ್ರೇಟು ಹೆಚ್ಚಾಗಿರಬಹುದು. ಮೇಲೆ ಬಣ್ಣ ಸುರಿದು ಕೆಳಗೆ ಕಾಯುವ ವಿಧಾನವೂ ಒಂದುಂಟು. ಆದರೆ ಸುರಂಗದ ನೀರನ್ನು ಮನೆಮಂದಿ ಕುಡಿಯುವರು. ವಿದ್ಯಾರ್ಥಿಗಳು ಅದಕ್ಕೆ ಕೈಹಾಕುವುದು ನಮಗೆ ಒಪ್ಪಿಗೆಯಿಲ್ಲ. ಅಳತೆಯನ್ನೂ ಹೊರಗಿನ ತೊಟ್ಟಿಯ ಬಳಿಯೇ ಮಾಡಬೇಕು. ಒದ್ದೆಯಾದ ಮಣ್ಣು ಕುಸಿಯಬಹುದು, ಒಳಗಿನ ಗಾಳಿ ಕೆಟ್ಟಿರಬಹುದು.

ಈ ಲೆಕ್ಕ ಬರಿಯ ಕುತೂಹಲಕ್ಕಲ್ಲ. ಗುಡ್ಡದ ಮೇಲೆ ಕೊಳವೆಬಾವಿ ಬಂದ ಬಳಿಕ ಸುರಂಗ ಬತ್ತಿತೆಂದು ಒಬ್ಬರೂ, ಮಳೆ ಕಡಮೆಯಾದುದರಿಂದ ಬತ್ತಿತೆಂದು ಇನ್ನೊಬ್ಬರೂ ವಾದಿಸುವುದುಂಟು. ಹಲವು ವರ್ಷಗಳ ಹರಿವಿನ ಪುಸ್ತಕವಿದ್ದರೆ ಮಳೆಯ ಪಾಲೆಷ್ಟು, ಬಾವಿಯ ಪಾಲೆಷ್ಟು ಎಂಬುದನ್ನು ಬಿಡಿಸಿ ನೋಡಬಹುದು. ತೋಟದಿಂದ ಇಂಗಿದ ನೀರು ಸ್ವಲ್ಪ ಹಿಂದಿರುಗಿದರೂ, ಆಳದಿಂದ ಎತ್ತಿದ್ದು ಅದಕ್ಕಿಂತ ಹೆಚ್ಚಾಗಿದ್ದರೆ ಅಂತರ್ಜಲದ ಮಟ್ಟ ತಗ್ಗುತ್ತದೆ. ಬಾವಿಯನ್ನಾದರೆ ಇನ್ನಷ್ಟು ಆಳಗೊಳಿಸಬಹುದು. ಅಡ್ಡಲಾಗಿ ಹೋದ ಸುರಂಗವು ತಗ್ಗಿದ ನೀರನ್ನು ಹಿಂಬಾಲಿಸಿ ಕೆಳಗಿಳಿಯಲಾರದು.