ಆಪ್ಟ್‌ಗೊಂದು ಕಿಟಕಿ: ಬಟನ್ ಹಿಂದೆ ಏನಿರಬೇಕು?

ರೋಣದ ಒಂದು ಕನ್ನಡ ಮಾಧ್ಯಮ ಶಾಲೆಯ ಲ್ಯಾಬಿಗೆ ಉಬುಂಟು ಹಾಕಿಕೊಟ್ಟೆವು ಅಂತಿಟ್ಟುಕೊಳ್ರಿ. ಹೊಸ ಸಾಫ್ಟ್‌ವೇರ್ ಬೇಕಾದಾಗ ಅಲ್ಲಿನ ಮಾಸ್ತರು ಟರ್ಮಿನಲ್ ಮುಂದೆ ಕೂತು ಇಂಗ್ಲಿಷ್ ಸಾಲು ಬಿಡಿಸಬೇಕೇನು? ಅವರಿಗೆ ಬೇಕಾದದ್ದು ಒಂದು ಕಿಟಕಿ. ಸಿನಾಪ್ಟಿಕ್‌ನಂಥವು ಈಗಾಗಲೇ ಇವೆ. ನಾವೇ ಮಿನಿ ಪ್ರಾಜೆಕ್ಟಾಗಿ ಒಂದು ಕಟ್ಟೋದಾದರೆ ಈ ಐದು ಮಾತು ನೆನಪಿರಲಿ.

1. ಟರ್ಮಿನಲ್ ಔಟ್‌ಪುಟ್ ಕತ್ತರಿಸಿ ಓದಬೇಡಿ. 'ಆಪ್ಟ್' ಕಮಾಂಡ್ ಮನುಷ್ಯರು ಓದಲಿಕ್ಕೆ ಇರೋದು. ಅದರ ಸಾಲುಗಳ ರೂಪ ಮುಂದೆ ಬದಲಾಗಬಹುದು. ಬದಲಿಗೆ ಪೈಥಾನ್-ಆಪ್ಟ್ ಲೈಬ್ರರಿ ಬಳಸಿ. ಫೆಡೋರಾದಲ್ಲೂ ನಡೀಬೇಕು ಅಂದ್ರೆ ಪ್ಯಾಕೇಜ್‌ಕಿಟ್ ನೋಡ್ರಿ. ಅದರ ಜೊತೆ ಡಿ-ಬಸ್ ಮೂಲಕ ಮಾತಾಡಬಹುದು.

2. ಇಡೀ ಕಿಟಕಿಯನ್ನು ರೂಟ್ ಆಗಿ ಓಡಿಸಬೇಡಿ. ಹುಡುಕೋದಕ್ಕೆ, ಪಟ್ಟಿ ತೋರಿಸೋದಕ್ಕೆ ಆ ಅಧಿಕಾರ ಬೇಕಿಲ್ಲ. ಇನ್‌ಸ್ಟಾಲ್ ಮಾಡುವ ಸಣ್ಣ ಭಾಗಕ್ಕೆ ಮಾತ್ರ ಪೋಲ್ಕಿಟ್ ಮೂಲಕ ಅನುಮತಿ ಕೇಳಿ.

3. ಡೌನ್‌ಲೋಡ್ ಕೆಲಸ ಬೇರೆ ಥ್ರೆಡ್‌ನಲ್ಲೋ ಪ್ರೋಸೆಸ್‌ನಲ್ಲೋ ಇರಲಿ. ಇಲ್ಲಾಂದ್ರೆ ಕಿಟಕಿ ಹೆಪ್ಪುಗಟ್ಟುತ್ತದೆ. ಡಿಪಿಕೆಜಿ ಡೇಟಾಬೇಸನ್ನು ಒಂದು ಸಲಕ್ಕೆ ಒಬ್ಬರೇ ಬದಲಿಸಬೇಕು, ಅದಕ್ಕೇ ಲಾಕ್ ಇರೋದು. ಲಾಕ್ ಸಿಗದಿದ್ದರೆ "ಇನ್ನೊಂದು ಅಪ್‌ಡೇಟ್ ನಡೆದಿದೆ, ಕಾಯಿರಿ" ಎಂದು ಹೇಳಿ. ಲಾಕ್ ಫೈಲ್ ಅಳಿಸುವ ಬಟನ್ ಮಾತ್ರ ಕೊಡಬೇಡಿ!

4. ಮಾಡುವ ಮೊದಲು ಏನಾಗುತ್ತದೆಂದು ತೋರಿಸಿ. ಇದೇ ಎಲ್ಲಕ್ಕಿಂತ ಮುಖ್ಯ. 2021ರಲ್ಲಿ ಯೂಟ್ಯೂಬರ್ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್‌ನಲ್ಲಿ ಸ್ಟೀಮ್ ಹಾಕಲು ಹೋದರು. ಗ್ರಾಫಿಕಲ್ ಅಂಗಡಿ ಎರರ್ ಕೊಟ್ಟು ನಿಂತಿತು. ಅವರು ಟರ್ಮಿನಲ್‌ಗೆ ಹೋದರು. ಅಗತ್ಯ ಪ್ಯಾಕೇಜ್‌ಗಳು ಅಳಿಯುತ್ತವೆ ಎಂಬ ಎಚ್ಚರಿಕೆ ಉದ್ದನೆಯ ಪಟ್ಟಿಯ ನಡುವೆ ಬಂತು. ಒಪ್ಪಿಗೆ ಟೈಪ್ ಮಾಡಿದರು, ಡೆಸ್ಕ್‌ಟಾಪೇ ಹೋಯಿತು. ಹಾಗಾಗಿ 'ಸೇರುವುದು', 'ಅಳಿಯುವುದು' ಬೇರೆ ಬೇರೆ ಪಟ್ಟಿಯಾಗಿರಲಿ; ಅಳಿಯುವುದು ಮೇಲೆ ಬರಲಿ.

5. ಕನ್ನಡವನ್ನು ಕೊನೆಗೆ ಅಂಟಿಸಬೇಡಿ. ಮೊದಲಿಂದಲೇ ಗೆಟ್‌ಟೆಕ್ಸ್ಟ್ ಬಳಸಿ. 'ರಿಮೂವ್' ಪದಕ್ಕೆ ಪ್ಯಾಕೇಜ್ ಹೆಸರು ಕೂಡಿಸಿ ವಾಕ್ಯ ಮಾಡಿದರೆ ಇಂಗ್ಲಿಷ್‌ಗೆ ಸರಿ, ನಮ್ಮಲ್ಲಿ "ಜಿಂಪ್ ಅನ್ನು ತೆಗೆಯಲೇ?" ಎಂದು ಹೆಸರು ಮೊದಲು, ಕ್ರಿಯಾಪದ ಕೊನೆಗೆ. ಆದ್ದರಿಂದ ಹೆಸರಿಗೆ ಜಾಗ ಬಿಟ್ಟ ಪೂರ್ತಿ ವಾಕ್ಯವನ್ನೇ ಅನುವಾದಕರಿಗೆ ಕೊಡಿ.

ಶುರು ಮಾಡೋದು ಹ್ಯಾಂಗ? ಈ ವಾರ ಬರೀ ಹುಡುಕುವ, ಓದುವ ಕಿಟಕಿ ಮಾಡ್ರಿ. ಮುಂದಿನ ವಾರ ಆಪ್ಟ್-ಗೆಟ್‌ನ ಸಿಮ್ಯುಲೇಟ್ ಆಯ್ಕೆ ಓಡಿಸಿ, ನಿಮ್ಮ ಕಿಟಕಿ ತೋರಿಸುವ ಪಟ್ಟಿಯೊಂದಿಗೆ ಹೋಲಿಸಿ. ಎರಡೂ ತಾಳೆಯಾದ ಮೇಲೇ ಇನ್‌ಸ್ಟಾಲ್ ಬಟನ್ ಸೇರಿಸಿ. ಅದೂ ವರ್ಚುವಲ್ ಮೆಷಿನ್‌ನಲ್ಲಿ.